ಟಾರ್ಚು, ಕನ್ನಡಿ, ಐದು ನಿಮಿಷ: ಬಾಯಿಯನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ನಮ್ಮ ದೊಡ್ಡಮ್ಮ ಮೂಡಿಗೆರೆ ಹತ್ತಿರದ ತೋಟದಲ್ಲಿ ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದವರು. ಬೆಳಗ್ಗೆ ಲೈನ್‌ಮನೆ ಬಿಡುವಾಗ ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು ಸೇರಿಸಿ ಎಡಗೆನ್ನೆಗೆ ಒತ್ತಿಕೊಂಡರೆ ಮಧ್ಯಾಹ್ನ ಬುತ್ತಿ ಬಿಚ್ಚುವವರೆಗೂ ಅದು ಅಲ್ಲೇ. ಹೋದ ವರ್ಷ ಫೋನಿನ ಟಾರ್ಚು ಹಿಡಿದು ಅವರ ಬಾಯಿ ನೋಡಿದೆ. ಅದೇ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ, ಹಾಲಿನ ಕೆನೆ ಅಂಟಿದ ಹಾಗೆ. ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ.

"ನೋವೇ ಇಲ್ಲ ಕಣೋ, ಬಿಡು" ಅಂದರು.

ಎಲ್ಲರೂ ಮೋಸಹೋಗುವುದು ಇಲ್ಲೇ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಆದರೆ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ತಿಂಗಳಿಗೊಮ್ಮೆ ನೋಡಿಕೊಳ್ಳಿ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಮೊದಲು ತುಟಿ ಮಗುಚಿ ನೋಡಿ. ಆಮೇಲೆ ಬೆರಳಿನಿಂದ ಕೆನ್ನೆ ಎಳೆದು ಒಳಭಾಗ, ಒಸಡು ನೋಡಿ. ಎಲೆ ಇಟ್ಟುಕೊಳ್ಳುವ ಜಾಗವನ್ನು ಎರಡು ಸಲ ನೋಡಿ. ಇನ್ನು ನಾಲಿಗೆ. ಸುಮ್ನೆ ಹೊರಚಾಚಿದರೆ ಸಾಲದು, ತುದಿಯನ್ನು ಶುಭ್ರವಾದ ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ಎಳೆದು ಅಂಚುಗಳನ್ನು ಹಿಂದಿನವರೆಗೂ ನೋಡಬೇಕು, ಯಾಕೆಂದರೆ ಹುಣ್ಣು ಅಡಗುವುದು ಅಂಚಿನಲ್ಲೇ ಜಾಸ್ತಿ. ನಾಲಿಗೆ ಎತ್ತಿ ಅಡಿಭಾಗ ನೋಡಿ. ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಒತ್ತಿ ಗಂಟು ಸಿಗುತ್ತದಾ ಅಂತ ನೋಡಿ.

ಇನ್ನೊಂದು ಪರೀಕ್ಷೆ ಇದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಹೋಗದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಅಡಿಕೆಯಿಂದ ಒಳಚರ್ಮ ಬಿರುಸಾಗುತ್ತಿರಬಹುದು. ಇದು ಗುಟ್ಕಾ ಅಗಿಯುವ ಹುಡುಗರಲ್ಲೂ ಬರುತ್ತದೆ.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಗಂಟು: ಯಾವುದೇ ಕಂಡರೂ ಹಲ್ಲಿನ ಡಾಕ್ಟರಿಗೆ ತೋರಿಸಿ. ಎಲ್ಲವೂ ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಹೀಗೇ ಬರೀ ಕಣ್ಣಿನಿಂದ ಬಾಯಿ ನೋಡಿದ್ದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು ಅಂತ 2005ರಲ್ಲಿ ಪ್ರಕಟವಾಯಿತು.

ನೋಡಿಕೊಳ್ಳುವುದರ ಜೊತೆಗೆ ಬಿಡುವುದೂ ಬೇಕು, ಅಲ್ವಾ? ಮೊದಲು ಹೊಗೆಸೊಪ್ಪು, ಬೀಡಿ ಬಿಡಿ. ಒಬ್ಬರಿಂದಲೇ ಆಗದಿದ್ದರೆ 1800-112-356ಕ್ಕೆ ಕರೆ ಮಾಡಿ, ದುಡ್ಡಿಲ್ಲ. ಆಮೇಲೆ ಅಡಿಕೆ. ಅಡಿಕೆಯಿಂದಲೇ ಮನೆ ನಡೆಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮದ್ಯವೂ ಸೇರಿದರೆ ಅಪಾಯ ಇನ್ನೂ ಜಾಸ್ತಿ.

ದೊಡ್ಡಮ್ಮನ ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಆಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಲು ಹೇಳಿದ್ದಾರೆ, ತಪ್ಪದೆ ಹೋಗುತ್ತಾರೆ. ಎಲೆಸಂಚಿ ಈಗಲೂ ಸೊಂಟದಲ್ಲೇ ಇದೆ, ಒಳಗೆ ಸೋಂಪು, ಎರಡು ಏಲಕ್ಕಿ.