ಬೆಂಗಳೂರು–ಟೋಕಿಯೊ: ದೂರ ಒಂದೇ, ಹೊತ್ತು ಬೇರೆ

ಅಣ್ಣನ ಸಂಸಾರ ಟೋಕಿಯೊದಲ್ಲಿದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಬರುವ ಜವಾಬ್ದಾರಿ ನನ್ನದು. ಟಿಕೆಟ್ ನೋಡಿ ಅಮ್ಮ ಕೇಳಿದರು: "ಹೋಗೋಕೆ ಎಂಟು ಗಂಟೆ, ಬರೋಕೆ ಒಂಬತ್ತೂವರೆ ಯಾಕೋ?" ಸುಮ್ನೆ ಏನೋ ಹೇಳುವ ಬದಲು ನಾನೇ ಲೆಕ್ಕ ಹಾಕಲು ಕೂತೆ.

ಮೊದಲು ದೂರ. ದೇವನಹಳ್ಳಿ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಪೂರ್ವ. ಟೋಕಿಯೊದ ನರಿತಾ ವಿಮಾನ ನಿಲ್ದಾಣ 35.8 ಉತ್ತರ, 140.4 ಪೂರ್ವ. ಎರಡು ಅಕ್ಷಾಂಶಗಳ ಸೈನ್ ಗುಣಿಸಿದೆ. ಆಮೇಲೆ ಅವುಗಳ ಕೊಸೈನ್‌ಗಳನ್ನು ರೇಖಾಂಶದ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ, ಎರಡನ್ನೂ ಕೂಡಿದೆ. 0.496 ಬಂತು. ಅದು ಯಾವ ಕೋನದ ಕೊಸೈನ್ ಅಂತ ನೋಡಿದರೆ, 60 ಡಿಗ್ರಿಗಿಂತ ಚೂರೇ ಚೂರು ಜಾಸ್ತಿ. ಭೂಮಿಯ ಕೇಂದ್ರದಿಂದ ನೋಡಿದರೆ ಎರಡು ಊರುಗಳ ನಡುವಿನ ಕೋನ ಅದೇ. ಒಂದು ಡಿಗ್ರಿಗೆ 111.2 ಕಿ.ಮೀ. ಹಿಡಿದರೆ ಸುಮಾರು 6,700 ಕಿ.ಮೀ. 360ರಲ್ಲಿ 60 ಅಂದರೆ ಭೂಮಿಯ ಸುತ್ತಳತೆಯ ಆರನೇ ಒಂದು ಪಾಲು! ಇದು ನನಗೆ ಬಹಳ ಹಿಡಿಸಿತು. ಮನೆಯ ಗ್ಲೋಬ್ ಮೇಲೆ ದಾರ ಎಳೆದು ಅಳೆದರೂ ಹೆಚ್ಚುಕಮ್ಮಿ ಅಷ್ಟೇ ಬಂತು. ಈ ದಾರಿಯ ಸರಿ ಮಧ್ಯ ಬೀಳುವುದು ಚೀನಾದ ಸಿಚುವಾನ್ ಪ್ರಾಂತ್ಯದ ದಕ್ಷಿಣ ಅಂಚಿನಲ್ಲಿ.

ಇನ್ನು ಹೊತ್ತು. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 7ಕ್ಕೆ ಹೊರಟು ಅಲ್ಲಿ ಬೆಳಗ್ಗೆ 6.30ಕ್ಕೆ ಇಳಿದರೆ, ಹನ್ನೊಂದೂವರೆಯಲ್ಲಿ ಮೂರೂವರೆ ಕಳೆಯಬೇಕು. ಬರುವಾಗ ಅಷ್ಟನ್ನೇ ಕೂಡಿಸಬೇಕು.

ಅಮ್ಮನ ಪ್ರಶ್ನೆಗೆ ಉತ್ತರ ಇರುವುದು ಗಾಳಿಯಲ್ಲಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. 1920ರ ದಶಕದಲ್ಲೇ ವಾಸಾಬುರೊ ಒಯಿಶಿ ಎಂಬ ಜಪಾನಿ ಹವಾಮಾನ ತಜ್ಞರು ಬಲೂನ್ ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಆಗಲಿ ಅಂತ ಕಟ್ಟಿದ ಕೃತಕ ಭಾಷೆಯಲ್ಲಿ ಬರೆದರು. ಹೊರಗೆ ಅದನ್ನು ಗಮನಿಸಿದವರು ಕಡಿಮೆ. ಎಂಥ ಕೆಲಸ, ಅಲ್ವಾ?

ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇರಲಿ. ದಾರಿಯುದ್ದಕ್ಕೂ ಗಾಳಿ ಸರಾಸರಿ 100 ಅಂತ ಇಟ್ಟುಕೊಂಡೆ. ಹೋಗುವಾಗ 1,000, ಬರುವಾಗ 800. ಭಾಗಿಸಿದರೆ 6 ಗಂಟೆ 42 ನಿಮಿಷ, 8 ಗಂಟೆ 22 ನಿಮಿಷ. ರನ್‌ವೇವರೆಗಿನ ಓಡಾಟ, ಏರಿಕೆ, ಇಳಿಕೆ, ಸ್ವಲ್ಪ ಸುತ್ತುದಾರಿ ಅಂತ ಒಂದು ಗಂಟೆ ಸೇರಿಸಿದೆ. ಟಿಕೆಟ್‌ನ ಲೆಕ್ಕಕ್ಕೆ ಹತ್ತಿರ ಬಂತು. ಬೇಸಿಗೆಯಲ್ಲಿ ಈ ಗಾಳಿ ದುರ್ಬಲವಾಗಿ ಉತ್ತರಕ್ಕೆ ಸರಿಯುತ್ತದೆ. ಆಗ ಎರಡರ ನಡುವಿನ ಅಂತರವೂ ಇಳಿಯುತ್ತದೆ.

ವಯಸ್ಸಾದವರ ಜೊತೆ ಹೋಗುವಾಗ ನಾನು ಮನೆಯಿಂದ ಮನೆಗೆ ಲೆಕ್ಕ ಹಾಕುತ್ತೇನೆ. ದೇವನಹಳ್ಳಿ ತಲುಪಲು ಒಂದೂವರೆ ಗಂಟೆ, ಅಲ್ಲಿ ಮೂರು ಗಂಟೆ. ನರಿತಾದಿಂದ ಟೋಕಿಯೊ ನಗರ ಸುಮಾರು 60 ಕಿ.ಮೀ. ದೂರ. ಇಮಿಗ್ರೇಷನ್, ಲಗೇಜು, ರೈಲು ಸೇರಿ ಎರಡೂವರೆ ಗಂಟೆ. ಹಾರಾಟದ ಎಂಟು ಗಂಟೆಯೂ ಸೇರಿ ಒಟ್ಟು ಹದಿನೈದು. ಅಮ್ಮನ ಊಟ, ನಿದ್ದೆ ಹೊಂದಿಸುವುದು ಈ ಹದಿನೈದಕ್ಕೆ. ಚಳಿಗಾಲದ ವಾಪಸಾತಿಗೆ ಇನ್ನೊಂದೆರಡು ಗಂಟೆ ಜಾಸ್ತಿಯೇ ಹಿಡಿಯುತ್ತೇನೆ.