ಕಣ್ಣಿಗೆ ಬಿಡುವು ಕೊಡುವುದು ಹೇಗೆ? ಅದರಿಂದ ನಂಬರು ಇಳಿಯುತ್ತದೆಯೇ?

ಬಸ್ ಸ್ಟಾಪಿನಲ್ಲಿ ನಿಂತವರು ದೂರದಿಂದ ಬರುವ ಬಸ್ಸಿನ ಬೋರ್ಡು ಓದುವುದನ್ನು ಗಮನಿಸಿ. ಹುಬ್ಬು ಗಂಟಿಕ್ಕುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಕತ್ತು ಮುಂದಕ್ಕೆ ಚಾಚುತ್ತಾರೆ. ಹಾಗೆ ಮಾಡಿದಾಗ ಅಕ್ಷರ ಕೊಂಚ ತಿಳಿಯಾಗುವುದೂ ಸುಳ್ಳಲ್ಲ. ರೆಪ್ಪೆಗಳ ನಡುವಿನ ಸಣ್ಣ ಸೀಳಿನಲ್ಲಿ ಅಂಚಿನ ಕಿರಣಗಳು ತಡೆಯಲ್ಪಟ್ಟು, ಒಳಗೆ ಬೀಳುವ ಚಿತ್ರದ ಮಸುಕು ಕಡಿಮೆಯಾಗುತ್ತದೆ. ಆದರೆ ಇಡೀ ದಿನ ಹೀಗೇ ನೋಡಿದವರಿಗೆ ಸಂಜೆ ಹೊತ್ತಿಗೆ ಹಣೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ.

ಈ ತಿಣುಕಾಟವೇ ದೃಷ್ಟಿದೋಷದ ಮೂಲ ಎಂದು ಹೊರಟವರು ನ್ಯೂಯಾರ್ಕಿನ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್ (1860–1931). 1920ರಲ್ಲಿ ಅವರೇ ಪ್ರಕಟಿಸಿದ ಪುಸ್ತಕದ ವಾದ ಇಷ್ಟು: ಕಣ್ಣು ಪ್ರಯತ್ನಪಟ್ಟು ನೋಡುವುದರಿಂದ ಕೆಡುತ್ತದೆ, ಸಡಿಲ ಬಿಟ್ಟರೆ ಸರಿಹೋಗುತ್ತದೆ, ಕನ್ನಡಕ ಬೇಕಿಲ್ಲ. ಕಣ್ಣಿನ ಹೊರಗಿನ ಸ್ನಾಯುಗಳು ಗುಡ್ಡೆಯನ್ನು ಹಿಂಡಿ ಉದ್ದ ಮಾಡುತ್ತವೆ, ಹತ್ತಿರ ನೋಡಲು ಕಣ್ಣು ಹೊಂದಿಕೊಳ್ಳುವುದು ಹಾಗೆ ಎಂಬುದು ಅವರ ನಂಬಿಕೆ. ಭಾರತಕ್ಕೆ ಈ ಪದ್ಧತಿಯನ್ನು ತಂದವರಲ್ಲಿ ಡಾ. ಆರ್.ಎಸ್. ಅಗರ್ವಾಲ್ ಮುಖ್ಯರು. ಪುದುಚೇರಿಯ ಅರವಿಂದಾಶ್ರಮದ ಕಣ್ಣಿನ ಶಾಲೆಯ ಹೆಸರು ಕೇಳಿದವರು ನಮ್ಮಲ್ಲೂ ಇದ್ದಾರೆ. ಇಂದು ಮೊಬೈಲಿನಲ್ಲಿ ಹರಿದಾಡುವ ‘ಕನ್ನಡಕ ಬಿಡಿಸುವ ವ್ಯಾಯಾಮ’ಗಳಲ್ಲಿ ಬಹಳಷ್ಟು ಬೇಟ್ಸ್ ಕಾಲದವೇ.

ಅವರ ಸಿದ್ಧಾಂತ ತಪ್ಪು. ಅವರು ಹೇಳಿಕೊಟ್ಟ ಅಭ್ಯಾಸಗಳಲ್ಲಿ ಕೆಲವು ಮಾತ್ರ ಒಳ್ಳೆಯವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ಕಣ್ಣಿನ ಒಳಗೆ ಒಂದಿಷ್ಟು ಇಣುಕಬೇಕು.

ಸಡಿಲವಾದರೆ ಆಗುವುದೇನು?

ಹತ್ತಿರದ ವಸ್ತು ನೋಡುವಾಗ ಕಣ್ಣೊಳಗಿನ ಸಿಲಿಯರಿ ಸ್ನಾಯು ಬಿಗಿಯುತ್ತದೆ. ಆಗ ಮಸೂರವನ್ನು ಹಿಡಿದಿರುವ ಸಣ್ಣ ಎಳೆಗಳು ಸಡಿಲಗೊಂಡು ಮಸೂರ ಉಬ್ಬುತ್ತದೆ. ದೂರ ನೋಡುವಾಗ ಸ್ನಾಯು ಸಡಿಲ, ಮಸೂರ ಚಪ್ಪಟೆ. 19ನೇ ಶತಮಾನದಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ವಿವರಿಸಿದ್ದರು.

ಹಾಗಾದರೆ ದೂರದ್ದು ಮಸುಕಾಗಿ ಕಾಣುವ ಮೈನಸ್ ನಂಬರಿನವರ ಕಥೆ ಏನು? ಹೆಚ್ಚಿನವರಲ್ಲಿ ತೊಂದರೆ ಸ್ನಾಯುವಿನದಲ್ಲ, ಗುಡ್ಡೆಯ ಉದ್ದದ್ದು. ವಯಸ್ಕರ ಕಣ್ಣುಗುಡ್ಡೆ ಸುಮಾರು 24 ಮಿ.ಮೀ. ಉದ್ದ ಇರುತ್ತದೆ. ಒಂದೇ ಒಂದು ಮಿ.ಮೀ. ಹೆಚ್ಚಾದರೂ ಎರಡೂವರೆಯಿಂದ ಮೂರು ಮೈನಸ್ ನಂಬರು ಬರುತ್ತದೆ. ಸಿನಿಮಾ ಪರದೆಯನ್ನೇ ಹಿಂದಕ್ಕೆ ಸರಿಸಿಬಿಟ್ಟ ಹಾಗೆ: ಪ್ರೊಜೆಕ್ಟರ್ ಎಷ್ಟು ನೆಟ್ಟಗಿದ್ದರೂ ಚಿತ್ರ ಪರದೆಗಿಂತ ಮುಂದೆಯೇ ಕೂಡಿಕೊಳ್ಳುತ್ತದೆ. ಇಂಥ ಕಣ್ಣು ದೂರ ನೋಡುವಾಗ ಆಗಲೇ ಸಡಿಲವಾಗಿರುತ್ತದೆ. ಇನ್ನೆಷ್ಟು ಸಡಿಲ ಮಾಡುತ್ತೀರಿ?

ಇದನ್ನು ಖಚಿತಪಡಿಸಿಕೊಳ್ಳುವ ದಾರಿ ಪ್ರತಿ ಕಣ್ಣಾಸ್ಪತ್ರೆಯಲ್ಲೂ ಇದೆ. ಮಕ್ಕಳ ಕಣ್ಣಿಗೆ ಡ್ರಾಪ್ಸ್ ಹಾಕಿ ಅರ್ಧ ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರಿಸುತ್ತಾರಲ್ಲ, ಅದು ಪಾಪೆ ದೊಡ್ಡದು ಮಾಡಲು ಮಾತ್ರ ಅಲ್ಲ. ಆ ಔಷಧಿ ಸಿಲಿಯರಿ ಸ್ನಾಯುವನ್ನು ಹೆಚ್ಚುಕಡಿಮೆ ಪೂರ್ತಿ ಸಡಿಲ ಮಾಡುತ್ತದೆ. ಯಾವ ಧ್ಯಾನ, ಯಾವ ಅಂಗೈ ಶಾಖವೂ ಅಷ್ಟು ಸಡಿಲ ಮಾಡಲಾರದು. ಡ್ರಾಪ್ಸ್ ಹಾಕಿದ ಮೇಲೂ ಉಳಿಯುವ ಮೈನಸ್ ನಂಬರು ಗುಡ್ಡೆಯದು, ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಡ್ರಾಪ್ಸ್ ಹಾಕಿದಾಗ ಮಾಯವಾಗುವ ನಂಬರು ಮಾತ್ರ ಬಿಗಿತದ್ದು.

ಅಂಥ ಬಿಗಿತದ ನಂಬರು ಅಪರೂಪಕ್ಕಾದರೂ ಇದೆ. ಪರೀಕ್ಷೆ ಸಮಯದಲ್ಲಿ ಪುಸ್ತಕಕ್ಕೆ ಮೂಗು ತಾಗಿಸಿ ಓದಿದ ಪಿಯುಸಿ ಹುಡುಗನಿಗೆ ಸಿಲಿಯರಿ ಸ್ನಾಯು ಹಿಡಿದುಕೊಂಡು ಕೆಲಕಾಲ ದೂರದ್ದು ಮಸುಕಾಗಬಹುದು. ಕನ್ನಡಕದ ಅಂಗಡಿಯಲ್ಲಿ ಡ್ರಾಪ್ಸ್ ಇಲ್ಲದೆ ಕಂಪ್ಯೂಟರ್ ಚೆಕಪ್ ಮಾಡಿಸಿದರೆ ಇದೂ ಸೇರಿ ನಂಬರು ಜಾಸ್ತಿ ಬರುವ ಸಾಧ್ಯತೆ ಇದೆ. ಹಾಗಾಗಿ ಮೊದಲ ಕೆಲಸ, ಅದರಲ್ಲೂ ಮಕ್ಕಳಿಗೆ, ಡ್ರಾಪ್ಸ್ ಹಾಕಿ ಮಾಡುವ ಪೂರ್ತಿ ಪರೀಕ್ಷೆ. ಅದಾದ ಮೇಲೆ ಕೆಳಗಿನವನ್ನು ಧಾರಾಳವಾಗಿ ಮಾಡಿ. ಆಯಾಸ, ಉರಿ, ತಲೆಭಾರ, ಸಂಜೆಯ ಮಸುಕು ಇವೆಲ್ಲ ತಗ್ಗುತ್ತವೆ.

1. ಅಂಗೈ ಮುಚ್ಚಿಗೆ

ಬೇಟ್ಸ್ ಬಿಟ್ಟುಹೋದದ್ದರಲ್ಲಿ ನನಗೆ ಇಷ್ಟವಾದದ್ದು ಇದು. ಕೈ ತೊಳೆದು ಮೇಜಿನ ಮುಂದೆ ಕೂತುಕೊಳ್ಳಿ. ಕನ್ನಡಕ ತೆಗೆದಿಡಿ. ಮೇಜಿನ ಮೇಲೆ ಒಂದು ದಿಂಬು ಹಾಕಿ ಅದರ ಮೇಲೆ ಮೊಣಕೈ ಊರಿ. ದಿಂಬಿನ ಎತ್ತರ ಸರಿ ಇಲ್ಲದಿದ್ದರೆ ಕತ್ತು ಬಗ್ಗಿ ಐದು ನಿಮಿಷಕ್ಕೇ ನೋವು ಶುರುವಾಗುತ್ತದೆ. ಬೆನ್ನು ನೆಟ್ಟಗಿದ್ದು, ತಲೆಯ ಭಾರ ಕೈಯ ಮೇಲೆ ಹಗುರಾಗಿ ಕೂರುವಂತಿರಬೇಕು.

ಅಂಗೈಗಳನ್ನು ಬೆಚ್ಚಗಾಗುವಷ್ಟು ಉಜ್ಜಿ. ಬೊಗಸೆಯಂತೆ ಕೊಂಚ ಗುಳಿ ಮಾಡಿ ಎಡಗೈಯನ್ನು ಎಡಗಣ್ಣಿಗೆ, ಬಲಗೈಯನ್ನು ಬಲಗಣ್ಣಿಗೆ ಮುಚ್ಚಿ. ಬೆರಳುಗಳು ಹಣೆಯ ಮೇಲೆ ಒಂದರ ಮೇಲೊಂದು ಬರಲಿ. ಅಂಗೈಯ ಬುಡ ಕೆನ್ನೆಯ ಮೂಳೆಗೆ ತಾಗಬೇಕೇ ಹೊರತು ಗುಡ್ಡೆಯನ್ನು ಒತ್ತಬಾರದು. ಸರಿಯಾಗಿದೆಯೇ ನೋಡಲು ಕೈಯೊಳಗೇ ರೆಪ್ಪೆ ತೆರೆದು ಮುಚ್ಚಿ. ರೆಪ್ಪೆಗೂದಲು ಅಂಗೈಗೆ ಸವರಬಹುದು, ತಡೆಯಾಗಬಾರದು. ಹೊಸದಾಗಿ ಕಣ್ಣಿನ ಆಪರೇಷನ್ ಆದವರು, ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಕಣ್ಣಿನ ಮೇಲೆ ಯಾವ ಭಾರವನ್ನೂ ಹಾಕಬಾರದು.

ಈಗ ಕಣ್ಣು ಮುಚ್ಚಿ ಮೂರರಿಂದ ಐದು ನಿಮಿಷ ಸುಮ್ಮನಿರಿ. ಕತ್ತಲಲ್ಲಿ ಮಿಂಚು, ಬೂದು ಮೋಡ, ಬಣ್ಣದ ಚುಕ್ಕೆ ಕಾಣುವುದು ಸಹಜ. ಎಷ್ಟು ಗಾಢ ಕಪ್ಪು ಕಂಡರೆ ಅಷ್ಟು ಒಳ್ಳೆಯದು ಎಂದು ಬೇಟ್ಸ್ ಬರೆದರು. ಅದನ್ನು ನಂಬಿ ಕಪ್ಪನ್ನು ಹುಡುಕಲು ಹೊರಟರೆ ಮತ್ತೆ ತಿಣುಕಾಟವೇ. ಉಸಿರಾಟದ ಕಡೆ ಗಮನವಿಟ್ಟರೆ ಸಾಕು. ದವಡೆ ಬಿಗಿಹಿಡಿದಿದ್ದೀರಾ ನೋಡಿಕೊಳ್ಳಿ, ಸಾಮಾನ್ಯವಾಗಿ ಹಿಡಿದಿರುತ್ತೀರಿ. ಆಮೇಲೆ ಕೈ ತೆಗೆದು, ಕಣ್ಣು ಮುಚ್ಚಿಕೊಂಡೇ ನಾಲ್ಕೈದು ಉಸಿರು ಬಿಟ್ಟು ನಿಧಾನ ತೆರೆಯಿರಿ.

2. ರೆಪ್ಪೆ ಪೂರ್ತಿ ಮುಚ್ಚುವುದು

ಮಾತಾಡುತ್ತ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತದೆ. ಪರದೆ ನೋಡುವಾಗ ಅದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಬಡಿದರೂ ಎಷ್ಟೋ ಸಲ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟದೆ ಅರ್ಧಕ್ಕೇ ವಾಪಸ್ಸಾಗುತ್ತದೆ. ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆ ಕಣ್ಣೀರಿನ ಪದರದ ಮೇಲೆ ಹರಡಬೇಕಾದರೆ ಎರಡೂ ಅಂಚು ಕೂಡಲೇಬೇಕು. ಹರಡದಿದ್ದರೆ ಪದರ ಒಡೆದು, ಅಕ್ಷರ ಒಮ್ಮೆ ತಿಳಿ ಒಮ್ಮೆ ಮಸುಕು ಆಗುತ್ತದೆ. ರೆಪ್ಪೆ ಬಡಿದ ಕೂಡಲೇ ಸರಿಹೋಗುವ ಮಸುಕು ಬಹುತೇಕ ಈ ಜಾತಿಯದು.

ಮಾಡುವ ಕ್ರಮ ಸುಲಭ. ಮೆಲ್ಲಗೆ ಮುಚ್ಚಿ, ಮನಸ್ಸಿನಲ್ಲಿ ಒಂದು, ಎರಡು ಎಣಿಸಿ, ತೆರೆಯಿರಿ. ಹಿಂಡಬೇಡಿ. ಹೀಗೆ ಹತ್ತು ಸಲ, ಗಂಟೆಗೊಮ್ಮೆ. ಫ್ಯಾನ್ ಅಥವಾ ಎ.ಸಿ. ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ ಕುರ್ಚಿ ತಿರುಗಿಸಿ. ಸ್ಕೂಟರಿನಲ್ಲಿ ಹೆಲ್ಮೆಟ್ ಗಾಜು ಮೇಲೆತ್ತಿಕೊಂಡು ಹೋಗುವವರು ಅದನ್ನು ಇಳಿಸಿ.

3. ದೂರ ನೋಡುವುದು

20 ನಿಮಿಷಕ್ಕೊಮ್ಮೆ, 20 ಅಡಿ ಆಚೆ, 20 ಸೆಕೆಂಡು. ಈ ಸೂತ್ರ ಎಲ್ಲರೂ ಕೇಳಿದ್ದಾರೆ, ಮಾಡುವವರು ಕಡಿಮೆ. ಏಕೆ ಮಾಡಬೇಕು ಎನ್ನಲು ಒಂದು ಸಣ್ಣ ಲೆಕ್ಕ: 25 ಸೆಂ.ಮೀ. ದೂರದಲ್ಲಿ ಮೊಬೈಲ್ ಹಿಡಿದರೆ ಕಣ್ಣು 4 ಡಯಾಪ್ಟರ್ (ಕನ್ನಡಕದ ನಂಬರನ್ನು ಅಳೆಯುವ ಮಾನವೇ ಇದು) ದುಡಿಯಬೇಕು. 50 ಸೆಂ.ಮೀ.ಗೆ ಸರಿಸಿದರೆ 2. ಆರು ಮೀಟರಿನ ಆಚೆ ನೋಡಿದರೆ 0.2ಕ್ಕಿಂತ ಕಡಿಮೆ, ಅಂದರೆ ಸ್ನಾಯುವಿಗೆ ರಜೆ.

ತೊಂದರೆ ಏನೆಂದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಅಡಿಯ ರೂಮಿನೊಳಗೆ 20 ಅಡಿ ಎಲ್ಲಿಂದ ತರುವುದು? ಗೋಡೆ ನೋಡಿದರೆ ಆಗುವುದಿಲ್ಲ. ಕಿಟಕಿಗೋ ಬಾಲ್ಕನಿಗೋ ಹೋಗಿ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕು, ತೆಂಗಿನ ಗರಿ, ಮೋಡ ಏನಾದರೂ ನೋಡಿ. ಅಲ್ಲಿ ಬರೆದಿದ್ದನ್ನು ಓದಲು, ಗುರುತು ಹಿಡಿಯಲು ಹೋಗಬೇಡಿ, ಸುಮ್ಮನೆ ನೋಡಿದರೆ ಸಾಕು. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ.

4. ತೂಗಾಟ

ಕಾಲು ಸ್ವಲ್ಪ ಅಗಲಿಸಿ ನಿಂತು, ಇಡೀ ಮೈಯನ್ನು ಎಡಕ್ಕೂ ಬಲಕ್ಕೂ ಸಾವಕಾಶ ತಿರುಗಿಸುತ್ತ, ಕಣ್ಣನ್ನು ಯಾವುದರ ಮೇಲೂ ನೆಡದೆ ಎದುರಿನದೆಲ್ಲ ಜಾರಿಹೋಗಲು ಬಿಡುವುದು. ಎರಡು ನಿಮಿಷ. ತಲೆಸುತ್ತು ಬರುವವರು ಬಿಡಿ. ನಿಜವಾಗಿ ಸಡಿಲವಾಗುವುದು ಕತ್ತು, ಭುಜ. ಆಫೀಸಿನಲ್ಲಿ ಮಾಡಿದರೆ ಪಕ್ಕದವರು ನಗುತ್ತಾರೆ.

5. ಕೂರುವ, ಓದುವ ರೀತಿ

ಪರದೆ ಒಂದು ತೋಳಿನಷ್ಟು ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ. ಕೆಳಮುಖವಾಗಿ ನೋಡಿದಾಗ ಕಣ್ಣು ಕಡಿಮೆ ತೆರೆದಿರುತ್ತದೆ, ಒಣಗುವುದೂ ಕಡಿಮೆ. ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಳ್ಳಲು ನಾಚಿಕೆ ಬೇಡ. ನಲವತ್ತು ದಾಟಿದವರು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಸಣ್ಣ ಅಕ್ಷರ ಓದಲು ಹಿಂದೆ ಮುಂದೆ ಸರಿಯುತ್ತಿದ್ದರೆ ಅದು ಮಸೂರ ಗಟ್ಟಿಯಾಗುತ್ತಿರುವ ಲಕ್ಷಣ. ಅದಕ್ಕೆ ಚಾಳೀಸು ಹಾಕಿಕೊಳ್ಳುವುದೇ ನಿಜವಾದ ವಿಶ್ರಾಂತಿ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಮಾಡಬಾರದ್ದು

ಸೂರ್ಯನನ್ನು ನೋಡುವುದು. ಬೇಟ್ಸ್ ಇದನ್ನು ಹೇಳಿದ್ದರು, ಅವರ ಅತಿ ಅಪಾಯಕಾರಿ ಸಲಹೆ ಇದೇ. ಕಣ್ಣಿನ ಹಿಂಬದಿಯಲ್ಲಿ ಚಿತ್ರ ಬೀಳುವ ಪರದೆಯಾದ ರೆಟಿನಾಕ್ಕೆ ನೋವು ತಿಳಿಯುವುದಿಲ್ಲ, ಹಾಗಾಗಿ ಸುಡುವಾಗ ಗೊತ್ತೇ ಆಗುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ವೇಳೆ ಕೊಡಗಿನಲ್ಲಿ ಸೌರ ಕನ್ನಡಕವಿಲ್ಲದೆ ನೋಡಬೇಡಿ ಎಂದು ಸಾರಿದ ಎಚ್ಚರಿಕೆ ವರ್ಷದ ಎಲ್ಲ ದಿನಕ್ಕೂ ಅನ್ವಯ. ದೀಪದ ಜ್ವಾಲೆಯನ್ನು ರೆಪ್ಪೆ ಬಡಿಯದೆ ನೋಡುವ ತ್ರಾಟಕ ಏಕಾಗ್ರತೆಯ ಸಾಧನೆ. ಕಣ್ಣು ಒಣಗಿದವರಿಗೆ ಅದು ಬೇಡ. ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆಂದು ಇಟ್ಟುಕೊಳ್ಳುವುದರಲ್ಲಿ ದೋಷವಿಲ್ಲ. ಅದರ ರಸ, ಜೇನುತುಪ್ಪ, ಎದೆಹಾಲು ಕಣ್ಣೊಳಗೆ ಬಿಡುವುದು ಸೋಂಕಿಗೆ ದಾರಿ.

ಕನ್ನಡಕ ಬಿಟ್ಟು ವ್ಯಾಯಾಮ ಮಾಡಿದ ಕೆಲವರು ‘ಈಗ ಚೆನ್ನಾಗಿ ಕಾಣುತ್ತಿದೆ’ ಎನ್ನುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಮಸುಕು ಚಿತ್ರವನ್ನು ಬಿಡಿಸಿಕೊಳ್ಳಲು ಮೆದುಳು ಕಲಿಯುತ್ತದೆ. ಕಣ್ಣೀರಿನ ಪದರ ಒಂದು ಕ್ಷಣ ಲೆನ್ಸಿನಂತೆ ವರ್ತಿಸಿ ತಿಳಿಯಾಗಿ ಕಾಣಿಸುತ್ತದೆ. ಒಂದೇ ಚಾರ್ಟು ಓದಿ ಓದಿ ಬಾಯಿಪಾಠವೂ ಆಗಿರುತ್ತದೆ. ಅಳೆದು ನೋಡಿದರೆ ನಂಬರು ಅಲ್ಲೇ ಇರುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂಬುದನ್ನು ನಂಬಿ ಕನ್ನಡಕವಿಲ್ಲದೆ ರಾತ್ರಿ ಗಾಡಿ ಓಡಿಸುವುದು ಬೇಡ.

ಮಕ್ಕಳ ವಿಷಯ

ಮೈನಸ್ ನಂಬರು ಬರದಂತೆ ತಡೆಯಲು ನಿಜವಾಗಿ ನೆರವಾಗುವುದು ಬಯಲು. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟರು. ಮೂರು ವರ್ಷದ ನಂತರ ಅವರಲ್ಲಿ 30.4% ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಆ ಅವಧಿ ಸಿಗದ ಶಾಲೆಗಳಲ್ಲಿ 39.5%. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು. ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಆಡಲು ಬಿಡಿ, ಮರದ ನೆರಳಾದರೂ ಸರಿ. ಈಗಾಗಲೇ ನಂಬರು ಬಂದು ವರ್ಷವರ್ಷ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೊಪಿನ್ ಡ್ರಾಪ್ಸ್, ವಿಶೇಷ ಲೆನ್ಸುಗಳ ಬಗ್ಗೆ ವೈದ್ಯರನ್ನು ಕೇಳಿ.

ಇನ್ನು ಅಂಗೈ ಮುಚ್ಚಿ ಕೂರುವ ಬದಲು ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳಿವೆ: ದೃಷ್ಟಿಗೆ ಅಡ್ಡ ಪರದೆ ಬಿದ್ದಂತಾಗುವುದು, ಹಠಾತ್ತಾಗಿ ಮಿಂಚು ಮತ್ತು ಕಪ್ಪು ಚುಕ್ಕೆಗಳ ಮಳೆ, ಕಣ್ಣು ಕೆಂಪಾಗಿ ನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಒಂದು ಕಣ್ಣು ದಿಢೀರ್ ಮಂಜಾಗುವುದು. ಗ್ಲಾಕೋಮಾ ಹೆಚ್ಚಿನವರಲ್ಲಿ ಲಕ್ಷಣವೇ ಇಲ್ಲದೆ ಬರುವುದರಿಂದ ನಲವತ್ತರ ನಂತರ, ಮನೆಯಲ್ಲಿ ಯಾರಿಗಾದರೂ ಇದ್ದರೆ ಇನ್ನೂ ಮೊದಲೇ, ಕಣ್ಣಿನ ಒತ್ತಡ ಮತ್ತು ನರವನ್ನು ತೋರಿಸಿಕೊಳ್ಳುತ್ತಿರಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ತಪ್ಪಿಸಬೇಡಿ. ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಗಾಡಿ ಓಡಿಸಲಾಗುವುದಿಲ್ಲ.