ಬಾಬಿನ್ ಖಾಲಿಯಾದಾಗ ಎದ್ದೇಳಿ: ಕುಳಿತು ದುಡಿಯುವವರಿಗೆ

ಮೈಸೂರಿನಲ್ಲಿ 26 ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಮೊದಲ 15 ವರ್ಷ ನನ್ನದು ಕಾಲಲ್ಲಿ ತುಳಿಯುವ ಯಂತ್ರ. ಆಮೇಲೆ ಮೋಟಾರ್ ಹಾಕಿಸಿದೆ. ಕೆಲಸ ಬೇಗ ಸಾಗಿತು, ಕಾಲುಗಳು ಸುಮ್ಮನಾದವು. ನಾಲ್ಕು ವರ್ಷಗಳ ಹಿಂದೆ ಬರಿಹೊಟ್ಟೆಯ ಸಕ್ಕರೆ 138 ಬಂತು. ಮತ್ತೆ ಪರೀಕ್ಷಿಸಿದಾಗಲೂ ಇಳಿದಿರಲಿಲ್ಲ. 126 ಮುಟ್ಟಿದರೇ ಮಧುಮೇಹ. ವೈದ್ಯರು ಮಾತ್ರೆ ಬರೆದುಕೊಟ್ಟು, “ಕಾಲುಗಳಿಗೂ ಕೆಲಸ ಕೊಡಿ ಅಮ್ಮಾ” ಎಂದರು.

ಮೊದಲು ಎದ್ದೇಳುವ ಅಭ್ಯಾಸ ಮಾಡಿಕೊಳ್ಳಿ. ಮೊಬೈಲಿನ ಅಲಾರಂ ಅರ್ಧ ಹೊಲಿಗೆಯಲ್ಲಿ ಬಡಿದುಕೊಂಡರೆ ಆರಿಸಿಬಿಡುತ್ತೇವೆ. ಬಾಬಿನ್ ದಾರ ಮುಗಿದಾಗ ಕೈ ಹೇಗೂ ನಿಲ್ಲಬೇಕಲ್ಲ, ಆಗಲೇ ಎದ್ದುಬಿಡಿ. ಇಸ್ತ್ರಿ ಮೇಜನ್ನು ಕೋಣೆಯ ಆ ತುದಿಗೆ ತಳ್ಳಿ. ಕೈಯೂರದೆ ಸ್ಟೂಲಿನಿಂದ ಹತ್ತು ಸಲ ಎದ್ದು ಕುಳಿತರೆ ತೊಡೆಗೆ ಬಲ ಬರುತ್ತದೆ. ನನಗೆ ಮೊದಲ ವಾರ ನಾಲ್ಕೇ ಸಲ ಆಗುತ್ತಿತ್ತು.

ಎರಡನೆಯದು ಊಟದ ನಂತರದ ನಡಿಗೆ. ಇದನ್ನು ಮಾತ್ರ ಬಿಡಬೇಡಿ. ಉಂಡದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುವ ಹೊತ್ತಿನಲ್ಲಿ ಸ್ನಾಯು ದುಡಿಯುತ್ತಿದ್ದರೆ, ಇನ್ಸುಲಿನ್ ಸಾಲದಿದ್ದರೂ ಅದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನ 15 ನಿಮಿಷ, ರಾತ್ರಿ 15 ನಿಮಿಷ ನಡೆಯಿರಿ. ವಾರದಲ್ಲಿ ಐದು ದಿನ ನಡೆದರೆ 150 ನಿಮಿಷ; ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಲೆಕ್ಕವೂ ಅಷ್ಟೇ. ನಡಿಗೆ ಬಿರುಸಾಗಿರಲಿ: ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಊಟದಲ್ಲಿ ನಾನು ತಪ್ಪಿದ್ದು ಮುದ್ದೆಯ ವಿಷಯದಲ್ಲಿ. ರಾಗಿಯಾದರೆ ಎಷ್ಟು ತಿಂದರೂ ಆದೀತು ಎಂದು ನಂಬಿದ್ದೆ. ಎರಡು ಮುದ್ದೆ ಉಂಡು ಎರಡು ಗಂಟೆಯ ಮೇಲೆ ಗ್ಲುಕೋಮೀಟರ್ ನೋಡಿದಾಗ ಆ ನಂಬಿಕೆ ಹೋಯಿತು. ಈಗ ಸಣ್ಣದೊಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಮೊಳಕೆ ಹುರುಳಿಯ ಪಲ್ಯ.

ಮೂರು ತಿಂಗಳಾದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಬಂದೆ. ಒಟ್ಟು ಸಾವಿರದಷ್ಟು ಮೆಟ್ಟಿಲು. ಮೊದಲ ದಿನ ನೂರು ಹತ್ತಿ ಹಿಂತಿರುಗಿ. ಪ್ರತಿ ವಾರ ಐವತ್ತು ಸೇರಿಸಿ. ಏದುಸಿರು ಬಂದರೆ ಕಟ್ಟೆಯ ಮೇಲೆ ಕುಳಿತುಕೊಳ್ಳಿ, ನಿಮ್ಮನ್ನು ಯಾರೂ ಓಡಿಸುತ್ತಿಲ್ಲ. ನಂದಿಯ ತನಕ ಹತ್ತಿದ ಬೆಳಗ್ಗೆ ನಾನು ಅಲ್ಲಿ ಕೈಮುಗಿದು ಅತ್ತುಬಿಟ್ಟೆ. ತುದಿ ಮುಟ್ಟಿದವರು ಸಿಟಿ ಬಸ್ಸಿನಲ್ಲಿ ಇಳಿಯಿರಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ. ಆಷಾಢ ಶುಕ್ರವಾರಗಳಲ್ಲಿ ಜನಜಂಗುಳಿ, ಅಂದು ವ್ಯಾಯಾಮಕ್ಕೆಂದು ಹೋಗಬೇಡಿ.

ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಿ, ಜೇಬಿನಲ್ಲಿ ಗ್ಲುಕೋಸ್ ಪುಡಿ ಇಟ್ಟುಕೊಳ್ಳಿ. ಕೈ ನಡುಗಿ ಬೆವರು ಬಂದರೆ ಅದು ಬೇಕಾಗುತ್ತದೆ. ಹರಕೆಯವರು ಬರಿಗಾಲಲ್ಲಿ ಹತ್ತುತ್ತಾರೆ, ಸಕ್ಕರೆ ಇರುವವರು ಹಾಗೆ ಮಾಡಬೇಡಿ, ದೇವಸ್ಥಾನದ ಬಳಿ ಶೂ ಕಳಚಿದರೆ ಸಾಕು. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ನಮ್ಮ ಕಸುಬಿನಲ್ಲಿ ನೆಲದ ಮೇಲೆ ಗುಂಡುಸೂಜಿ ತಪ್ಪಿದ್ದಲ್ಲ, ಸ್ಪರ್ಶ ಕುಂದಿದ ಪಾದಕ್ಕೆ ಅದು ಚುಚ್ಚಿದ್ದೂ ತಿಳಿಯುವುದಿಲ್ಲ.